ಕೆಟ್ಟ ಟ್ಯೂಬ್‌ಲೈಟ್ ಎಲ್ಲಿ ಕೊಡಬೇಕು? ಪೌರಾಡಳಿತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ಎಲ್‌ಇಡಿ ದೀಪಗಳು ಬಂದ ಮೇಲೆ ರಾಜ್ಯದ ಮನೆಮನೆಗಳಿಂದ ಹಳೆಯ ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬುಗಳು ಹೊರಬೀಳುತ್ತಿವೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಇಂತಹ ದೀಪಗಳ ತಯಾರಿಕೆಯನ್ನೂ ಆಮದು ರಫ್ತನ್ನೂ 2027ರೊಳಗೆ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿವೆ. ಭಾರತ 2018ರಲ್ಲೇ ಈ ಒಪ್ಪಂದವನ್ನು ಅನುಮೋದಿಸಿದೆ. ಮಾರಾಟ ನಿಂತರೂ ಗೋಡೆಯ ಮೇಲಿರುವ ದೀಪಗಳು ಇನ್ನೂ ಹಲವು ವರ್ಷ ಕಸಕ್ಕೆ ಬರುತ್ತಲೇ ಇರುತ್ತವೆ.

ಪ್ರತಿ ದೀಪದೊಳಗೆ ಕೆಲವೇ ಮಿಲಿಗ್ರಾಂ ಪಾದರಸವಿರುತ್ತದೆ. ಗಾಜು ಒಡೆದರೆ ಅದು ಬಣ್ಣವೂ ವಾಸನೆಯೂ ಇಲ್ಲದ ಆವಿಯಾಗಿ ಉಸಿರಿನೊಂದಿಗೆ ರಕ್ತಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಒಳಸೇರಿದರೆ ನರಮಂಡಲಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಒಂದು ದೀಪ ಒಡೆದ ಮನೆಯವರು ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಪೊರಕೆ ಬಳಸದೆ ದಪ್ಪ ಕಾಗದದಿಂದ ಚೂರುಗಳನ್ನು ಒಟ್ಟುಮಾಡಿ ಮುಚ್ಚಳದ ಡಬ್ಬಿಗೆ ಹಾಕಬಹುದು. ದಿನವೂ ಬೀದಿಬೀದಿಯ ಕಸ ಎತ್ತುವ ಪೌರಕಾರ್ಮಿಕರಿಗೆ ಆ ಅನುಕೂಲವಿಲ್ಲ. ನಾಲ್ಕಡಿ ಟ್ಯೂಬ್ ಆಟೊ ಟಿಪ್ಪರ್‌ನ ಕಸದ ರಾಶಿಯಲ್ಲಿ ಒಡೆದಾಗ ಬಿಳಿಯ ಪುಡಿ ಏಳುವುದು ಅವರ ಮುಖದ ಮುಂದೆಯೇ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಅವರ ಆರೋಗ್ಯದ ಪ್ರಶ್ನೆ.

ನಿಯಮಗಳಿಗೆ ಕೊರತೆಯಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಇವುಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ನಗರ ಪಟ್ಟಣಗಳಲ್ಲಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರವಿರಬೇಕೆಂದೂ ಅದರ ವೇಳೆಯನ್ನು ಪ್ರಕಟಿಸಬೇಕೆಂದೂ ವಿಧಿಸಿದ್ದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನೂ ವ್ಯಾಪ್ತಿಗೆ ತಂದು ಉತ್ಪಾದಕರ ಮೇಲೆ ಹೊಣೆ ಹೊರಿಸಿದವು. ಹಸಿ ಕಸ, ಒಣ ಕಸ ಬೇರ್ಪಡಿಸಲು ಕಲಿತ ನಾಗರಿಕರು ಕೆಟ್ಟ ಟ್ಯೂಬನ್ನು ಯಾರಿಗೆ ಕೊಡಬೇಕೆಂದು ಕೇಳಿದರೆ ಮಾತ್ರ ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ಮುಚ್ಚಿದ ಯಂತ್ರದಲ್ಲಿ ದೀಪವನ್ನು ಪುಡಿಮಾಡಿ, ಆವಿಯನ್ನು ಹಿಡಿದಿಟ್ಟು, ಗಾಜು, ಅಲ್ಯೂಮಿನಿಯಂ, ಒಳಲೇಪದ ಪುಡಿ ಮತ್ತು ಪಾದರಸವನ್ನು ಬೇರೆಬೇರೆಯಾಗಿ ಪಡೆಯುವ ತಂತ್ರಜ್ಞಾನ ಇದೆ. ಆದರೆ ದೀಪ ಒಡೆಯದೆ ಅಲ್ಲಿಗೆ ತಲುಪಬೇಕು. ಹೊಸ ದೀಪಕ್ಕಾಗಿ ಜನ ಹೋಗುವುದು ಎಲೆಕ್ಟ್ರಿಕಲ್ ಅಂಗಡಿಗೇ ಆದ್ದರಿಂದ, ಹಳೆಯದನ್ನು ಹೊಸದರ ರಟ್ಟಿನ ಕವಚದಲ್ಲಿಟ್ಟು ಅಲ್ಲೇ ಮರಳಿಸುವ ವ್ಯವಸ್ಥೆಯನ್ನು ಉತ್ಪಾದಕರ ವೆಚ್ಚದಲ್ಲಿ ಮಾಡಿಸಬೇಕು. ಕಸದ ಆಟೊಗಳಲ್ಲಿ ಟ್ಯೂಬುಗಳನ್ನು ನೆಟ್ಟಗೆ ನಿಲ್ಲಿಸುವ ಪ್ರತ್ಯೇಕ ಪೆಟ್ಟಿಗೆ ಇರಬೇಕು. ಒಡೆದ ದೀಪವನ್ನು ನಿಭಾಯಿಸುವ ತರಬೇತಿಯನ್ನು ಪೌರಕಾರ್ಮಿಕರಿಗೆ ಕೆಲಸದ ವೇಳೆಯಲ್ಲೇ ಕೊಡಿಸಬೇಕು. ಇದಕ್ಕೂ ಮೊದಲು, ಯಾವ ನಗರಸಭೆ, ಪುರಸಭೆಯಲ್ಲಿ ಸಂಗ್ರಹ ಕೇಂದ್ರ ನಿಜವಾಗಿಯೂ ನಡೆಯುತ್ತಿದೆ ಎಂಬ ಪಟ್ಟಿಯನ್ನು ವಿಳಾಸ ಮತ್ತು ವೇಳೆಯೊಂದಿಗೆ ತಮ್ಮ ಇಲಾಖೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ