ಅಪ್ಪನ ಶುಗರ್ ರಿಪೋರ್ಟು

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ, ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಶುಗರ್ ನಾರ್ಮಲ್ ಬಂತು ಅಂತ ಅಪ್ಪ ಮಾತ್ರೆ ಬಿಟ್ಟಿದ್ದಾರೆ ಅಂತ ಬರೆದಿದ್ದೀಯ. ಓದಿದಾಗಿನಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.

"ನೀನು ರಕ್ತದ್ದೇ ಓದ್ತಿದ್ದೀಯಲ್ಲ, ನೀನೇ ಹೇಳು" ಅಂದೆ. ಹೇಳುತ್ತೇನೆ, ಕೇಳು. ಕೇಂಬ್ರಿಡ್ಜ್ ಹತ್ತಿರ ಹಿಂಕ್ಸ್‌ಟನ್ ಅನ್ನೋ ಹಳ್ಳಿಯಲ್ಲಿ ಯುರೋಪಿಯನ್ ಬಯೋಇನ್‌ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲೇ ಈ ವಾರ ನಮಗೆ ಮೆಟಬೊಲೊಮಿಕ್ಸ್ ತರಬೇತಿ. ರಕ್ತದಲ್ಲಿರುವ ಸಕ್ಕರೆ, ಅಮೈನೊ ಆಮ್ಲದಂಥ ಸಣ್ಣ ಅಣುಗಳನ್ನು ಮಷೀನು ರಾಶಿಗಟ್ಟಲೆ ಅಳೆದು ಕೊಡುತ್ತೆ. ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಓದುವುದನ್ನು ಕಲಿಸುತ್ತಾರೆ. ಆದರೆ ಲೆಕ್ಕಕ್ಕೆ ಕೂರುವ ಮೊದಲೇ ಮೇಷ್ಟ್ರ ಪ್ರಶ್ನೆ: ರಕ್ತ ತೆಗೆದದ್ದು ಯಾವಾಗ? ಎಷ್ಟು ಹೊತ್ತು ಹೊರಗಿತ್ತು? ಎಲ್ಲ ಸ್ಯಾಂಪಲ್ಲಿಂದಲೂ ಚೂರು ಚೂರು ಬೆರೆಸಿ, ಆ ಮಿಶ್ರಣವನ್ನು ನಡುನಡುವೆ ಮಷೀನಿಗೆ ಕೊಡುತ್ತಾರೆ. ಅದರ ಅಂಕಿ ಬೆಳಿಗ್ಗೆ ಒಂದು, ಸಂಜೆ ಒಂದು ಬಂದರೆ ಮಷೀನನ್ನೇ ಅನುಮಾನಿಸಬೇಕು.

ಈಗ ಅಪ್ಪನ ರಿಪೋರ್ಟಿಗೆ ಬಾ. ತೀರ್ಥಹಳ್ಳಿಯಲ್ಲಿ ರಕ್ತ ತೆಗೆದು, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು ಅಂದೆಯಲ್ಲ? ರಕ್ತದ ಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತೆ. ಸೆಕೆಯಿದ್ದರೆ ಇನ್ನೂ ಜಾಸ್ತಿ. ಇದನ್ನು ತಡೆಯೋಕೆ ಅಂತಲೇ ಫ್ಲೋರೈಡ್ ಹಾಕಿದ ಟ್ಯೂಬೂ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲ್ಲ. ಇಳಿದದ್ದು ಅಪ್ಪನ ಶುಗರೋ, ಟ್ಯೂಬಿನದ್ದೋ? ಅದೂ ಅಲ್ಲದೆ, ಮಾತ್ರೆ ತಗೊಳ್ತಿದ್ದಾಗ ತಾನೇ ನಾರ್ಮಲ್ ಬಂದದ್ದು!

ಅಣ್ಣನಿಗೆ ಹೇಳು, ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡಿಸಲಿ. ಅದರಲ್ಲಿ ಎರಡು ಮೂರು ತಿಂಗಳ ಶುಗರಿನ ಸರಾಸರಿ ಗೊತ್ತಾಗುತ್ತೆ. ಹಿಂದಿನ ರಾತ್ರಿ ಊಟ ಬಿಟ್ಟು ಅದನ್ನು ಇಳಿಸೋಕಾಗಲ್ಲ ಅಂತ ಅಪ್ಪನಿಗೂ ಹೇಳು. ದುಡ್ಡು ನಾನು ಹಾಕುತ್ತೇನೆ.

ನಮ್ಮ ಮಷೀನಿನಲ್ಲಿ ಅಪ್ಪನ ರಕ್ತ ನೋಡೋಕಾಗಲ್ವಾ ಅಂತ ಚಿಕ್ಕಪ್ಪ ಕೇಳಿದರಂತೆ. ಆಗಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನದಲ್ಲಿ ಇಂಥದ್ದೇ ಅಳತೆ ಮಾಡಿ, ರಕ್ತದಲ್ಲಿ ಐದು ಬಗೆಯ ಅಮೈನೊ ಆಮ್ಲ ಜಾಸ್ತಿ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು ಅಂತ 2011ರಲ್ಲಿ ತೋರಿಸಿದರು. ಕಾಯಿಲೆ ಬರುವ ಎಷ್ಟೋ ವರ್ಷ ಮೊದಲೇ ಅದು ಕಾಣುತ್ತಂತೆ. ಆದರೆ ನೂರಾರು ಜನರನ್ನು ಒಟ್ಟಿಗೆ ನೋಡಿ ಹೇಳಿದ ಮಾತು ಅದು. ಅಪ್ಪನಿಗೆ ಬೇಕಾದದ್ದು ನಮ್ಮೂರಿನ ಡಾಕ್ಟರು.

ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಆಲೂಗಡ್ಡೆ ಇಡಿಯಾಗಿ ಬೇಯಿಸಿ, ಸೀಳಿ, ಸಿಹಿ ಸಾಸಿನ ಬೀನ್ಸ್ ಸುರಿದು ಊಟ ಅಂತಾರೆ! ನಾನು ಹೊಟ್ಟೆ ತುಂಬಾ ಉಣ್ಣುತ್ತಿದ್ದೇನೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತೆ. ಏನೂ ಚಿಂತೆ ಇಲ್ಲ, ನಿಜವಾಗ್ಲೂ. ಸುಮಾಳ ಜಾತಕದ ವಿಷಯ ಫೋನಿನಲ್ಲಿ ಮಾತಾಡೋಣ. ಕ್ಲಾಸಿಗೆ ಕರೆಯುತ್ತಿದ್ದಾರೆ. ಮಾತ್ರೆ ವಿಷಯ ಮರೀಬೇಡ.

ನಿನ್ನ,
ವೀಣಾ