ಲುವಾರ್ ನಾ ಲುಬ್ರೆಯ ಆಲ್ಬಂಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್‌ನ 'ವಾಯೇಜರ್' ಆಲ್ಬಂ ಮತ್ತೆ ಕೇಳುತ್ತಿದ್ದೇನೆ, ಅದರಲ್ಲಿರುವ 'ದಿ ಸಾಂಗ್ ಆಫ್ ದಿ ಸನ್' ತಲೆಯಿಂದ ಇಳಿಯುತ್ತಲೇ ಇಲ್ಲ ಅಂತ ಬರೆದಿದ್ದೆಯಲ್ಲ, ಓದಿ ತುಂಬಾ ಖುಷಿಯಾಯಿತು. ಆ ಧಾಟಿ ಓಲ್ಡ್‌ಫೀಲ್ಡ್ ಕಟ್ಟಿದ್ದಲ್ಲ ಕಣೋ. ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್‌ನ ನೆತ್ತಿಯ ಮೇಲೆ ಗಲೀಸಿಯಾ ಅಂತ ಒಂದು ಸೀಮೆ ಇದೆ. ಅಲ್ಲಿನ ಕೊರುನ್ಯಾ ಎಂಬ ಬಂದರು ಪಟ್ಟಣದಲ್ಲಿ 1986ರಲ್ಲಿ ಹುಟ್ಟಿದ ತಂಡ ಲುವಾರ್ ನಾ ಲುಬ್ರೆ. ಅದನ್ನು ಇವತ್ತಿಗೂ ಮುನ್ನಡೆಸುತ್ತಿರುವ ಬಿಯೆಯ್ಟೊ ರೊಮೆರೊ ಕಟ್ಟಿದ ಧಾಟಿ ಅದು. ಮೂಲದ ಹೆಸರು 'ಒ ಸೋನ್ ದೊ ಆರ್'. 1988ರಲ್ಲಿ ಬಂದ ಅವರ ಮೊದಲ ಆಲ್ಬಂ ಹೆಸರೂ ಅದೇ. ಓಲ್ಡ್‌ಫೀಲ್ಡ್ ಅದನ್ನು ತನ್ನ ಆಲ್ಬಂಗೆ ತೆಗೆದುಕೊಂಡದ್ದು 1996ರಲ್ಲಿ.

ಈ ತಂಡದ ಆಲ್ಬಂಗಳನ್ನು ಎಲ್ಲಿಂದ ಶುರು ಮಾಡಲಿ ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಬಿಡಿ ಹಾಡುಗಳ ಪ್ಲೇಲಿಸ್ಟ್ ಹಾಕಿಕೊಂಡು ಇವರನ್ನು ಕೇಳಬೇಡ. ಆಲ್ಬಂ ಆಲ್ಬಂ ಆಗಿ, ಬಂದ ವರ್ಷದ ಕ್ರಮದಲ್ಲೇ ಕೇಳು. ಇವರ ಒಂದೊಂದು ಆಲ್ಬಂ ಒಂದೊಂದು ಜಾಗದ ಮೇಲೆ, ಇಲ್ಲವೇ ಒಂದು ಪಯಣದ ಮೇಲೆ ನಿಂತಿದೆ. ಹಾಡುವ ಹೆಣ್ಣುಮಕ್ಕಳು ಬದಲಾಗುತ್ತಾ ಬಂದಿದ್ದಾರೆ. ಅವರ ಹಿಂದೆ ಬಿಯೆಯ್ಟೊ ಊದುವ ಗೈತಾ ಮಾತ್ರ ಮೊದಲಿನಿಂದಲೂ ಇದೆ. ಹಾಡುಗಳನ್ನು ಕಲಸಿ ಕೇಳಿದರೆ ಈ ಎರಡೂ ಕೈತಪ್ಪಿ ಹೋಗುತ್ತವೆ.

ಗೈತಾ ಅಂದರೆ ಗಲೀಸಿಯಾದ ಚೀಲದ ವಾದ್ಯ. ಕಂಕುಳಲ್ಲಿ ಗಾಳಿ ತುಂಬಿದ ಚೀಲ, ಬೆರಳಾಡಿಸಲು ಮುಂದೊಂದು ಕೊಳವೆ, ಹೆಗಲ ಮೇಲೆ ಒರಗಿದ ಉದ್ದದ ಕೊಳವೆ ಇನ್ನೊಂದು. ಹೆಗಲ ಮೇಲಿನದು ಒಂದೇ ಸ್ವರವನ್ನು ಬಿಡದೆ ಹಿಡಿದಿರುತ್ತದೆ, ನಮ್ಮ ಶ್ರುತಿಪೆಟ್ಟಿಗೆಯ ಹಾಗೆ. ಅದಕ್ಕೇ ನಮ್ಮ ಕಿವಿಗೆ ಈ ಸಂಗೀತ ಬೇಗ ಒಗ್ಗುತ್ತದೆ ಅಂತ ನನ್ನ ನಂಬಿಕೆ. ಬಿಯೆಯ್ಟೊ ಅಕಾರ್ಡಿಯನ್ ಬಾರಿಸುತ್ತಾರೆ, ಥನ್‌ಫೋನಾವನ್ನೂ ನುಡಿಸುತ್ತಾರೆ. ಥನ್‌ಫೋನಾದಲ್ಲಿ ಹಿಡಿಕೆ ತಿರುಗಿಸಿದರೆ ಒಳಗಿನ ಚಕ್ರ ತಂತಿಗಳನ್ನು ಉಜ್ಜುತ್ತದೆ. ಕುರುಡ ಹಾಡುಗಾರರು ಸಂತೆ ಜಾತ್ರೆಗಳಲ್ಲಿ ಹಿಡಿದು ತಿರುಗುತ್ತಿದ್ದ ವಾದ್ಯ ಅದು. ಇಪ್ಪತ್ತನೇ ಶತಮಾನದಲ್ಲಿ ಅದು ಹೆಚ್ಚುಕಮ್ಮಿ ಮರೆತೇ ಹೋಗುತ್ತಿತ್ತು. ಫೌಸ್ತಿನೊ ಸಾಂತಲಿಸೆಸ್ ಎಂಬುವರು ಹಠ ಹಿಡಿದು ಉಳಿಸಿದರು.

ಮೊದಲ ಮೂರು ಆಲ್ಬಂಗಳನ್ನು, ಅಂದರೆ 'ಒ ಸೋನ್ ದೊ ಆರ್', 'ಬೆಯ್ರಾ ಅಟ್ಲಾಂಟಿಕಾ' (1990), 'ಆರಾ ಸೋಲಿಸ್' (1993) ಇವನ್ನು ವಾದ್ಯಗಳಿಗಾಗಿ ಕೇಳು. ನಾನು ನಿಜವಾಗಿ ಸೋತದ್ದು 1997ರ 'ಪ್ಲೆನಿಲೂನಿಯೊ'ಗೆ. ಅಷ್ಟರಲ್ಲಿ ರೋಸಾ ಸೆದ್ರೋನ್ ತಂಡಕ್ಕೆ ಬಂದಿದ್ದರು. ಚೆಲ್ಲೊ ನುಡಿಸುತ್ತಾ ಹಾಡುವವರು ಅವರು. ದನಿ ಎತ್ತಿ ಹಾಡುವುದೇ ಕಡಿಮೆ. ಆದರೂ ಗೈತಾದಂಥ ಜೋರು ವಾದ್ಯದ ಪಕ್ಕ ಅವರ ಕಂಠ ಮುಳುಗುವುದಿಲ್ಲ. ನಿನಗೆ ಆ ಕಂಠ ಆಗಲೇ ಗೊತ್ತು! ಓಲ್ಡ್‌ಫೀಲ್ಡ್‌ನ 'ಟ್ಯೂಬ್ಯುಲರ್ ಬೆಲ್ಸ್ 3'ರಲ್ಲಿ 'ದಿ ಇನ್ನರ್ ಚೈಲ್ಡ್' ಅಂತ ಮಾತೇ ಇಲ್ಲದ ಹಾಡೊಂದಿದೆಯಲ್ಲ, ಅದು ರೋಸಾ.

ಅವರ ಕಾಲದ ಹಾಡುಗಳಲ್ಲಿ ನೀನು ನಿಧಾನವಾಗಿ ಕೂತು ಕೇಳಬೇಕಾದ್ದು 'ಚೋವೆ ಎನ್ ಸಾಂತಿಯಾಗೊ'. ಗಲೀಸಿಯಾದ ಸಾಂತಿಯಾಗೊ ಊರಿನ ಮೇಲೆ ಸುರಿಯುವ ಮಳೆಯ ಹಾಡು. ಸಾಹಿತ್ಯ ಲೋರ್ಕಾನದು. ಹೌದು, ಸ್ಪೇನಿನ ಹೆಸರಾಂತ ಕವಿ, ಅದೇ ಲೋರ್ಕಾ. ಅವನು ದಕ್ಷಿಣದ ಗ್ರಾನಡಾ ಕಡೆಯವನು, ಗಲೀಸಿಯಾದ ಭಾಷೆಯಾದ ಗಲೀಷಿಯನ್ ಅವನ ಮನೆಮಾತಲ್ಲ. ಆದರೂ ಆ ಭಾಷೆಯಲ್ಲಿ ಆರು ಕವಿತೆ ಬರೆದ. 1935ರಲ್ಲಿ ಸಾಂತಿಯಾಗೊದ 'ನೋಸ್' ಪ್ರಕಾಶನ ಅವನ್ನು ಪುಸ್ತಕ ಮಾಡಿತು. ಅದನ್ನು ನಡೆಸುತ್ತಿದ್ದವರು ಆಂಶೆಲ್ ಕಸಾಲ್. 1936ರಲ್ಲಿ ಅವರು ಸಾಂತಿಯಾಗೊದ ಮೇಯರ್ ಕೂಡ ಆಗಿದ್ದರು. ಆ ವರ್ಷ ಜುಲೈನಲ್ಲಿ, ಮುಂದೆ ಸ್ಪೇನಿನ ಸರ್ವಾಧಿಕಾರಿಯಾದ ಸೇನಾಧಿಕಾರಿ ಫ್ರಾಂಕೊನ ಕಡೆಯವರು ದಂಗೆ ಎದ್ದರು. ಆಗಸ್ಟ್ ನಡುವಿನಲ್ಲಿ ಗ್ರಾನಡಾದ ಹತ್ತಿರ ಕವಿಯನ್ನು ಕೊಂದರು. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ, ದೇಶದ ಇನ್ನೊಂದು ತುದಿಯಲ್ಲಿ ಪ್ರಕಾಶಕನನ್ನೂ ಕೊಂದರು. ಹಾಡಿನಲ್ಲಿ ಇದು ಯಾವುದೂ ಇಲ್ಲ. ಅಲ್ಲಿರುವುದು ಮಳೆ, ಬೆಳಕು, ಪ್ರೀತಿ ಅಷ್ಟೇ. ಇದನ್ನೆಲ್ಲ ತಿಳಿದ ಮೇಲೆ ಆ ಹಾಡನ್ನು ಬೇರೆ ಕೆಲಸ ಮಾಡುತ್ತಾ ಕೇಳಲು ನನ್ನಿಂದ ಆಗುವುದಿಲ್ಲ.

ಫ್ರಾಂಕೊ ಹುಟ್ಟಿದ್ದೂ ಗಲೀಸಿಯಾದಲ್ಲೇ, ಕೊರುನ್ಯಾದಿಂದ ದೂರವಿಲ್ಲದ ಫೆರೋಲ್‌ನಲ್ಲಿ. ಅವನ ಆಳ್ವಿಕೆಯಲ್ಲಿ ಆ ನೆಲದ ಭಾಷೆಗೆ ಶಾಲೆಯಲ್ಲಿ ಜಾಗವಿರಲಿಲ್ಲ, ಕಚೇರಿಯಲ್ಲೂ ಇರಲಿಲ್ಲ. ಅವನು ಸತ್ತದ್ದು 1975ರಲ್ಲಿ. ಗಲೀಷಿಯನ್‌ಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1981ರ ಸ್ವಾಯತ್ತತೆಯ ಕಾನೂನಿನಿಂದ. ಅದಾಗಿ ಐದೇ ವರ್ಷಕ್ಕೆ ಈ ತಂಡ ಹುಟ್ಟಿದೆ. ಇವರು ಅಜ್ಜಿಯರ ಭಾಷೆಯಲ್ಲೇ ಹಾಡುತ್ತೇವೆ ಅಂತ ನಿಂತದ್ದು ಎಷ್ಟು ದೊಡ್ಡ ಮಾತು, ಯೋಚಿಸು.

ಈಗ ನನ್ನ ಆಲ್ಬಂಗೆ ಬರುತ್ತೇನೆ. ಒಂದೇ ಕೇಳುತ್ತೇನೆ, ಅದಕ್ಕಿಂತ ಜಾಸ್ತಿ ಸಮಯವಿಲ್ಲ ಅಂದರೆ 2005ರ 'ಸೌದಾದೆ' ಕೇಳು. ಸೌದಾದೆ ಅಂದರೆ ದೂರವಾದದ್ದಕ್ಕಾಗಿ ಹಂಬಲ. ಊರು ಬಿಟ್ಟು ಅಮೆರಿಕ ಖಂಡಕ್ಕೆ ಹೋದ ಗಲೀಸಿಯಾದವರಿಗಾಗಿ ಮಾಡಿದ ಆಲ್ಬಂ ಅದು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತರ ನಡುವಿನ ತನಕ ಆ ಸೀಮೆಯಿಂದ ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಹೊಲಗಳು ತುಂಡುತುಂಡಾಗಿದ್ದವು, ಮಕ್ಕಳು ಹೆಚ್ಚಿದ್ದರು. ಕೊರುನ್ಯಾ, ವೀಗೊ ಬಂದರುಗಳಿಂದ ಹವಾನಾಗೆ, ಬ್ಯೂನಸ್ ಐರಿಸ್‌ಗೆ, ಮೊಂಟೆವಿಡಿಯೊಗೆ ಹೊರಟರು. ಗಲೀಸಿಯಾದಲ್ಲಿ ನಾಲ್ಕು ಪ್ರಾಂತ್ಯಗಳಿವೆ. ಬ್ಯೂನಸ್ ಐರಿಸ್ಸೇ ನಮ್ಮ ಐದನೇ ಪ್ರಾಂತ್ಯ ಅಂತ ಅವರು ಇಂದಿಗೂ ಹೇಳುತ್ತಾರೆ. ಅವರ ನಾಡಗೀತೆಯನ್ನು ಮೊಟ್ಟಮೊದಲು ಹಾಡಿದ್ದು ಎಲ್ಲಿ ಗೊತ್ತಾ? ಗಲೀಸಿಯಾದಲ್ಲಲ್ಲ, ಕ್ಯೂಬಾದ ಹವಾನಾದಲ್ಲಿ, 1907ರ ಡಿಸೆಂಬರ್‌ನಲ್ಲಿ. ಗಲೀಷಿಯನ್ ಭಾಷೆಯ ಅಕಾಡೆಮಿ ಕಟ್ಟಲು ದುಡ್ಡು ಕೂಡಿಸಿ ಬೆನ್ನಿಗೆ ನಿಂತವರೂ ಹವಾನಾದ ವಲಸಿಗರೇ.

'ಸೌದಾದೆ'ಯಲ್ಲಿ ಕ್ಯೂಬಾದ ಪಾಬ್ಲೊ ಮಿಲನೇಸ್, ಮೆಕ್ಸಿಕೊದ ಲೀಲಾ ಡೌನ್ಸ್, ಅರ್ಜೆಂಟೀನಾದ ಆದ್ರಿಯಾನಾ ವರೇಲಾ ಬಂದು ದನಿಗೂಡಿಸಿದ್ದಾರೆ. ಹಡಗುಗಳು ಹೋದ ಕಡೆಗಳಿಂದಲೇ ಕಂಠಗಳು ಬಂದಿವೆ! ದೊಡ್ಡ ಹೆಸರುಗಳನ್ನು ಸುಮ್ನೆ ಸೇರಿಸಿದ ಹಾಗೆ ಎಲ್ಲೂ ಅನಿಸುವುದಿಲ್ಲ. ರೋಸಾ ಆಗಲೇ ತಂಡ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರು ಪೋರ್ಚುಗಲ್‌ನ ಸಾರಾ ವಿದಾಲ್. ಪಕ್ಕದ ದೇಶದವರು, ಆದರೆ ಭಾಷೆ ಹೊರಗಿನದಲ್ಲ. ಗಲೀಷಿಯನ್ ಮತ್ತು ಪೋರ್ಚುಗೀಸ್ ಮಧ್ಯಯುಗದಲ್ಲಿ ಒಂದೇ ಆಗಿದ್ದವು. ಸಾರಾ ದನಿ ರೋಸಾಗಿಂತ ತಿಳಿ, ಹಗುರ. ರೋಸಾ ಹೋದರಲ್ಲ ಅಂತ ಬೇಜಾರು ಮಾಡಿಕೊಂಡವರು ಬಹಳ ಜನ. ಆದರೆ ಈ ಆಲ್ಬಂಗೆ ಸಾರಾ ಅವರೇ ಸರಿ ಅಂತ ನನಗೆ ಅನಿಸುತ್ತದೆ. ಊರು ಬಿಟ್ಟವರ ನೋವನ್ನು ಭಾರವಾದ ಕಂಠದಲ್ಲಿ ಹಾಡಿದರೆ ಅಳು ಜಾಸ್ತಿಯಾಗುತ್ತಿತ್ತು. ಸಾರಾ ನೇರವಾಗಿ ಹಾಡುತ್ತಾರೆ, ಅಳುವುದನ್ನು ನಮಗೆ ಬಿಡುತ್ತಾರೆ.

2007ರ 'ಕಮಿನ್ಯೋಸ್ ದ ಫಿನ್ ದ ತೆರ್ರಾ' ಕೂಡ ಸಾರಾ ಅವರದೇ. 2012ರ 'ಮಾರ್ ಮಯೋರ್' ಹೊತ್ತಿಗೆ ಪೌಲಾ ರೇ ಬಂದರು. 2014ರ 'ತೊರ್ರೆ ದೆ ಬ್ರೆಯೋಗಾನ್' ಕೇಳುವ ಮುನ್ನ ಕೊರುನ್ಯಾದ ಹರ್ಕ್ಯುಲಸ್ ಗೋಪುರದ ಒಂದು ಫೋಟೋ ನೋಡು. ರೋಮನ್ನರು ಕಟ್ಟಿದ ದೀಪಸ್ತಂಭ ಅದು, ಈಗಲೂ ಹಡಗುಗಳಿಗೆ ಬೆಳಕು ಕೊಡುತ್ತಿದೆ. ಬ್ರೆಯೋಗಾನ್ ಎಂಬ ರಾಜ ಅಲ್ಲೊಂದು ಗೋಪುರ ಕಟ್ಟಿಸಿದ, ಅವನ ಮಗ ಅದರ ತುದಿಯಿಂದ ಐರ್ಲೆಂಡ್ ಕಂಡ ಅಂತ ಐರಿಷ್ ಪುರಾಣ ಹೇಳುತ್ತದೆ. ನಂತರದ 'ಎಕ್ಸ್‌ಟ್ರಾ ಮುಂಡಿ' (2015) ಮಧ್ಯಯುಗದ ಯಾತ್ರಿಕರ ಸಂಗೀತ. ಒಳ್ಳೆಯದೇ, ಆದರೆ ನನಗೆ ಸ್ವಲ್ಪ ದೂರ ನಿಂತ ಹಾಗೆ ಕೇಳಿಸುತ್ತದೆ. 2018ರ 'ರಿಬೆಯ್ರಾ ಸಾಕ್ರಾ' ಮತ್ತೆ ಮನಸ್ಸಿಗೆ ಹತ್ತಿರ. ಮಿನ್ಯೊ, ಸೀಲ್ ನದಿಗಳ ಕಣಿವೆ, ಕಡಿದಾದ ಗುಡ್ಡದ ಮೇಲೆ ದ್ರಾಕ್ಷಿ ತೋಟ, ಹಳೇ ಮಠಗಳು, ಅಲ್ಲಿಯದು.

ಒಂದು ಮಾತು ಹೇಳಲೇಬೇಕು. ಇವರದು ಅಪ್ಪಟ ಹಳ್ಳಿಯ ಸಂಗೀತವಲ್ಲ, ಐರಿಷ್ ಬೌರಾನ್ ತಮಟೆ, ಬುಜೂಕಿ ಎಂಬ ತಂತಿವಾದ್ಯ ಎಲ್ಲ ಸೇರಿಸಿ ನಯ ಮಾಡಿದ್ದಾರೆ ಎನ್ನುವವರಿದ್ದಾರೆ. ಆ ವಾದ್ಯಗಳು ಹೊರಗಿನವೇ, ನಿಜ. ಅದರಿಂದ ಹಾಡು ಕೆಟ್ಟಿಲ್ಲ, ಅಟ್ಲಾಂಟಿಕ್ ದಂಡೆಯ ನೆರೆಹೊರೆಯವರು ಒಬ್ಬರಿಂದೊಬ್ಬರು ಕಲಿತರೆ ತಪ್ಪೇನು ಅಂತ ನಾನು ಕೇಳುತ್ತೇನೆ. ಆದರೆ ಬೇರು ಹೇಗಿತ್ತು ಅನ್ನುವುದೂ ನಿನಗೆ ಗೊತ್ತಿರಬೇಕು. ಲೆಯ್ಲೀಯಾ ಎಂಬ ಹೆಣ್ಣುಮಕ್ಕಳ ತಂಡದ 1994ರ ಮೊದಲ ಆಲ್ಬಂ ಹುಡುಕಿ ಕೇಳು. ಹಳ್ಳಿಯ ಮುದುಕಿಯರ ಹತ್ತಿರ ಕೂತು ಕಲಿತ ಹಾಡುಗಳು. ಪಂದೆಯ್ರೆಟಾ ಎಂಬ ಗೆಜ್ಜೆಯ ಕಂಜರದ ಏಟು ಮೊದಲಾಗುತ್ತದೆ, ಅದರ ಮೇಲೆ ಕಂಠಗಳು ಎತ್ತರದಲ್ಲಿ, ಸೀಳಿದ ಹಾಗೆ. ಇನ್ನೂ ಹಿಂದಕ್ಕೆ ಹೋಗಬೇಕು ಅಂದರೆ ಅಮೆರಿಕದ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1952ರಲ್ಲಿ ಗಲೀಸಿಯಾದ ಹಳ್ಳಿಗಳಲ್ಲಿ ಮಾಡಿಕೊಂಡ ರೆಕಾರ್ಡಿಂಗ್‌ಗಳಿವೆ. ನೆಟ್‌ನಲ್ಲೇ ಕೇಳಬಹುದು. ಅವನ್ನು ಕೇಳಿ ಬಂದು 'ಪ್ಲೆನಿಲೂನಿಯೊ' ಹಾಕಿದರೆ ಇವರು ಏನು ಉಳಿಸಿಕೊಂಡರು, ಏನು ಬದಲಿಸಿದರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಆಲ್ಬಂಗಳು ಬಹುತೇಕ ಎಲ್ಲಾ ಆನ್‌ಲೈನ್‌ನಲ್ಲಿ ಸಿಗುತ್ತವೆ, ಹೆಸರನ್ನು ಗಲೀಷಿಯನ್‌ನಲ್ಲೇ ಟೈಪ್ ಮಾಡು. ಮೊದಲು 'ಪ್ಲೆನಿಲೂನಿಯೊ', ಆಮೇಲೆ 'ಸೌದಾದೆ' ಕೇಳಿ, ರೋಸಾ ಹಿಡಿಸಿದರೋ ಸಾರಾ ಹಿಡಿಸಿದರೋ ಅಂತ ಬರೆ. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಅಂತ ನನಗೆ ಈಗಲೇ ಗೊತ್ತು, ಆದರೂ ಬರೆ.

ನಿನ್ನ,
ಗೆಳೆಯ