ಕಾಯಬೇಕಾ, ಈಗಲೇ ಕೊಳ್ಳಬೇಕಾ: ಪುಟ್ಟ ಸ್ಪೋರ್ಟಿ ಕಾರುಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಪೆಟ್ರೋಲ್ ಕಾರನ್ನೇ ಈಗ ತಗೊಳ್ಳಲಾ, ಇಲ್ಲ ಬರಲಿರುವ ಎಲೆಕ್ಟ್ರಿಕ್ ಜಿಟಿಐಗಳಿಗೆ (ಅಂದರೆ ಪುಟ್ಟ ಕಾರುಗಳ ವೇಗದ, ಸ್ಪೋರ್ಟಿ ಮಾದರಿಗಳಿಗೆ) ಕಾಯಲಾ ಅಂತ ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಲೆಕ್ಕ ಹಾಕಿ ಹೇಳಬೇಕಾದ ವಿಷಯ ಇದು. ಇದೇ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಬಾರದ ಕಾರಿನ ವೇಗ ಊಹಿಸುವಾಗ ಅಶ್ವಶಕ್ತಿಯ ಹಿಂದೆ ಹೋಗಬೇಡ. ಮೊದಲು ತೂಕ ನೋಡು. ಆಮೇಲೆ ಆ ಶಕ್ತಿ ರಸ್ತೆಗೆ ಇಳಿಯುವುದು ಹೇಗೆ ಅಂತ ನೋಡು, ಅಂದರೆ ಟೈರು ಮತ್ತು ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್. ಎಲೆಕ್ಟ್ರಿಕ್ ಮೋಟರ್ ಬಂದ ಮೇಲೆ ಅಶ್ವಶಕ್ತಿ ಅಗ್ಗವಾಗಿದೆ. ನಿಜವಾಗಿ ದುಬಾರಿ ಆಗಿರುವುದು ಹಗುರತನ.

1976ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ನೆನಪಿಸಿಕೋ. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ 810 ಕೆ.ಜಿ. ಈಗ 2024ರಲ್ಲಿ ಬಂದ, ರೆನೋ ಬಳಗದ ಎಲೆಕ್ಟ್ರಿಕ್ ಕಾರು ಆಲ್ಪೀನ್ ಎ290 ತಗೋ. ಅದರ ಮೇಲಿನ ಮಾದರಿಗೆ 220 ಅಶ್ವಶಕ್ತಿ, ತೂಕ 1,479 ಕೆ.ಜಿ. ಶಕ್ತಿ ಸರಿಯಾಗಿ ದುಪ್ಪಟ್ಟಾಗಿದೆ. ಆದರೆ ಒಂದೊಂದು ಟನ್ನಿಗೆ ಎಷ್ಟು ಬರುತ್ತದೆ ಅಂತ ಭಾಗಿಸಿ ನೋಡು. ಗಾಲ್ಫಿಗೆ 136, ಆಲ್ಪೀನ್‌ಗೆ 149. ಸುಮಾರು ಐವತ್ತು ವರ್ಷ ಕಳೆದು ಅಷ್ಟೇ ಜಾಸ್ತಿ ಆಗಿದ್ದು! ಹಾಗಿದ್ದರೂ ಗಾಲ್ಫ್ 100 ಕಿ.ಮೀ. ವೇಗ ಮುಟ್ಟಲು ಸುಮಾರು 9 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಆಲ್ಪೀನ್ 6.4 ಸೆಕೆಂಡಿನಲ್ಲಿ ಮುಟ್ಟುತ್ತದೆ. ಶಕ್ತಿ ಮತ್ತು ತೂಕದ ಲೆಕ್ಕ ಹೆಚ್ಚುಕಡಿಮೆ ಒಂದೇ ಇರುವಾಗ ಈ ಎರಡೂವರೆ ಸೆಕೆಂಡ್ ಎಲ್ಲಿಂದ ಬಂತು? ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಗೇರ್ ಬದಲಾಯಿಸುವಾಗ ಕಳೆದುಹೋಗುವ ಸಮಯವೇ ಇಲ್ಲ. ಅಗಲವಾದ ಟೈರು ಬಂದಿದೆ, ಚಕ್ರ ಜಾರದಂತೆ ಹಿಡಿದಿಡುವ ಎಲೆಕ್ಟ್ರಾನಿಕ್ಸ್ ಬಂದಿದೆ.

ಇದರಿಂದ ನಾನು ಒಂದು ಸಣ್ಣ ಲೆಕ್ಕ ಮಾಡಿಕೊಂಡಿದ್ದೇನೆ. ನೀನೂ ಮಾಡಬಹುದು, ಶಾಲೆಯಲ್ಲಿ ಕಲಿತ ಚಲನಶಕ್ತಿಯ ಸೂತ್ರ ಅಷ್ಟೇ. ಕಾರಿನ ತೂಕಕ್ಕೆ ಓಡಿಸುವವನ 75 ಕೆ.ಜಿ. ಸೇರಿಸು. ಅದನ್ನು 0.386ರಿಂದ ಗುಣಿಸು. ಆ ಕಾರು 100 ಕಿ.ಮೀ. ವೇಗದಲ್ಲಿರುವಾಗ ಅದರೊಳಗೆ ಎಷ್ಟು ಕಿಲೋಜೌಲ್ ಇರುತ್ತದೆ ಅಂತ ಗೊತ್ತಾಗುತ್ತದೆ. ಅದನ್ನು ಕಿಲೋವ್ಯಾಟ್ ಶಕ್ತಿಯಿಂದ ಭಾಗಿಸಿದರೆ, ಏನೂ ನಷ್ಟವಾಗದ ಆದರ್ಶ ಕಾರಿಗೆ ಎಷ್ಟು ಸೆಕೆಂಡ್ ಬೇಕು ಅಂತ ಸಿಗುತ್ತದೆ. ಆಲ್ಪೀನ್‌ಗೆ ಹೀಗೆ ಮಾಡಿದರೆ ಬರುವುದು 3.75 ಸೆಕೆಂಡ್. ನಿಜವಾದದ್ದು 6.4. ಅಂದರೆ 1.7 ಪಟ್ಟು. ಪೆಟ್ರೋಲ್‌ನ ಟೊಯೋಟಾ ಜಿಆರ್ ಯಾರಿಸ್ 2020ರಲ್ಲಿ ಬಂದಾಗ ಯುರೋಪಿನ ಮಾದರಿಗೆ 261 ಅಶ್ವಶಕ್ತಿ, 1,280 ಕೆ.ಜಿ., 5.5 ಸೆಕೆಂಡ್. ಅದಕ್ಕೆ 2 ಪಟ್ಟು ಬರುತ್ತದೆ. ಹಳೆಯ ಗಾಲ್ಫಿಗೆ 2.1. ಕೈಯಿಂದ ಗೇರ್ ಹಾಕುವ ಪೆಟ್ರೋಲ್ ಕಾರಾದರೆ 2 ಪಟ್ಟು, ಪುಟ್ಟ ಎಲೆಕ್ಟ್ರಿಕ್ ಆದರೆ 1.7ರಿಂದ 1.8 ಪಟ್ಟು ಅಂತ ಇಟ್ಟುಕೋ. ಕಂಪನಿ ಹೇಳುವ ಮೊದಲೇ ನೀನು ಹೇಳಬಹುದು.

ಈಗ ನೀನು ಕೇಳಿದ ಕಾರಿಗೆ ಬರೋಣ. ಪುಟ್ಟ ಎಲೆಕ್ಟ್ರಿಕ್ ಕಾರು ಐಡಿ. ಪೋಲೋದ ಜಿಟಿಐ ಮಾದರಿಗೆ 226 ಅಶ್ವಶಕ್ತಿ ಅಂತ ಫೋಕ್ಸ್‌ವ್ಯಾಗನ್ 2025ರಲ್ಲಿ ಹೇಳಿತು. ಅಂದರೆ 166 ಕಿಲೋವ್ಯಾಟ್. ಬ್ಯಾಟರಿ 52 ಕಿಲೋವ್ಯಾಟ್ ಅವರ್. ತೂಕ 1,550 ಕೆ.ಜಿ. ಸುತ್ತ ಅಂತ ಇಟ್ಟುಕೊಂಡರೆ ನನ್ನ ಲೆಕ್ಕಕ್ಕೆ 6.6 ಸೆಕೆಂಡ್ ಬರುತ್ತದೆ. ತೂಕ ಇನ್ನೊಂದು 50 ಕೆ.ಜಿ. ಏರಿದರೆ 6.8. ಅಷ್ಟರೊಳಗೆ ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ. ಇದಕ್ಕಿಂತ ಬಹಳ ವೇಗವಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ತೂಕ ಎಷ್ಟು ಅಂತ ಕೇಳು.

ನನ್ನ ಕಣ್ಣಿರುವುದು ಇನ್ನೊಂದು ಎಲೆಕ್ಟ್ರಿಕ್ ಕಾರು, ಪೆಜೋ ಇ-208 ಜಿಟಿಐ ಮೇಲೆ. 2025ರ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ತೋರಿಸಿದರು. 280 ಅಶ್ವಶಕ್ತಿ, 345 ನ್ಯೂಟನ್ ಮೀಟರ್ ಟಾರ್ಕ್, 1,596 ಕೆ.ಜಿ., 5.7 ಸೆಕೆಂಡ್. ನನ್ನ ಲೆಕ್ಕಕ್ಕೆ 1.8 ಪಟ್ಟು ಬರುತ್ತದೆ, ಆಲ್ಪೀನ್‌ಗಿಂತ ಜಾಸ್ತಿ. ಕಾರಣ ಇದೆ. ಎರಡರಲ್ಲೂ ಮೋಟರ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಟೈರುಗಳು ಹಗುರವಾಗುತ್ತವೆ, ಹಿಡಿತ ಕಡಿಮೆಯಾಗುತ್ತದೆ. ಆಗ ಎಷ್ಟೇ ಶಕ್ತಿ ಇದ್ದರೂ ಒಂದು ಮಿತಿಯ ಆಚೆ ರಸ್ತೆಗೆ ಇಳಿಯುವುದಿಲ್ಲ. ಆಲ್ಪೀನ್‌ಗಿಂತ 60 ಅಶ್ವಶಕ್ತಿ ಜಾಸ್ತಿ ಇದ್ದೂ ಪೆಜೋ ಉಳಿಸಿದ್ದು 0.7 ಸೆಕೆಂಡ್ ಮಾತ್ರ. ಮುಂದಿನ ಚಕ್ರದ ಪುಟ್ಟ ಕಾರು ಐದೂವರೆ ಸೆಕೆಂಡಿಗಿಂತ ಕೆಳಗೆ ಇಳಿಯುವುದು ಬಹಳ ಕಷ್ಟ. ಇನ್ನೊಂದು 50 ಅಶ್ವಶಕ್ತಿ ಸೇರಿಸಿದ ಮಾದರಿ ನಾಳೆ ಬಂದರೂ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡ.

ಹಾಗಾದರೆ ಪೆಜೋ ಯಾಕೆ ಇಷ್ಟ ಅಂತೀಯಾ? ಅದರಲ್ಲಿ ಯಾಂತ್ರಿಕ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಚಕ್ರ ಸುಮ್ನೆ ತಿರುಗಿ ಶಕ್ತಿ ಹಾಳಾಗುವುದನ್ನು ಅದು ತಪ್ಪಿಸುತ್ತದೆ, ಹೊರಗಿನ ಚಕ್ರಕ್ಕೆ ಕೆಲಸ ಕೊಡುತ್ತದೆ. ಜೊತೆಗೆ ಮುಂದಿನ ಚಕ್ರಗಳ ನಡುವಿನ ಅಂತರ 56 ಮಿಲಿಮೀಟರ್ ಹೆಚ್ಚಿಸಿದ್ದಾರೆ, ಕಾರನ್ನು 30 ಮಿಲಿಮೀಟರ್ ತಗ್ಗಿಸಿದ್ದಾರೆ, ಮಿಶೆಲಿನ್ ಕಪ್ 2 ಟೈರು ಕೊಟ್ಟಿದ್ದಾರೆ. ಇವು ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂಕಿಗಳಲ್ಲ. ಆದರೆ ಘಾಟಿಯಂಥ ರಸ್ತೆಯಲ್ಲಿ ಓಡಿಸುವವನಿಗೆ ಇವೇ ಎಲ್ಲ. ಐಡಿ. ಪೋಲೋ ಜಿಟಿಐಗೂ ಮುಂದೆ ಎಲೆಕ್ಟ್ರಾನಿಕ್ ನಿಯಂತ್ರಣದ ಡಿಫರೆನ್ಷಿಯಲ್ ಲಾಕ್ ಬರುತ್ತದೆ, ಅದು ಒಳ್ಳೆಯ ಸುದ್ದಿ. ಆಲ್ಪೀನ್‌ನಲ್ಲಿ ಅಂಥದ್ದು ಇಲ್ಲ. ಅಲ್ಲಿ ಬ್ರೇಕ್ ಮತ್ತು ಸಾಫ್ಟ್‌ವೇರ್‌ನಿಂದಲೇ ಆ ಕೆಲಸ ಮಾಡಿಸುತ್ತಾರೆ.

ಇನ್ನು ಬೆಲೆ. ಯೂರೋದಲ್ಲೇ ಹೇಳುತ್ತೇನೆ, ಈ ಕಾರುಗಳೆಲ್ಲ ಮೊದಲು ಇಳಿಯುವುದು ಯುರೋಪಿನಲ್ಲಿ ತಾನೆ. ಬೆಲೆ ಊಹಿಸಲು ನನಗೆ ಸಿಕ್ಕ ಒಳ್ಳೆಯ ಅಳತೆಗೋಲು ಎಲೆಕ್ಟ್ರಿಕ್ ರೆನೋ 5. ಅದರ ಆರಂಭದ ಬೆಲೆ ಸುಮಾರು 25,000 ಯೂರೋ. ಅದೇ ತಳಪಾಯದ ಮೇಲೆ ಕಟ್ಟಿದ ಆಲ್ಪೀನ್ ಎ290 ಫ್ರಾನ್ಸಿನಲ್ಲಿ ಶುರುವಾಗಿದ್ದು 38,700ಕ್ಕೆ. ಐಡಿ. ಪೋಲೋಗೂ 25,000 ಯೂರೋದಿಂದ ಶುರು ಅಂತ ಹೇಳಿದ್ದಾರೆ. ಎದುರಾಳಿಯ ಅಂಕಿ ಕಣ್ಣ ಮುಂದೆ ಇರುವಾಗ ಫೋಕ್ಸ್‌ವ್ಯಾಗನ್ ಅದಕ್ಕಿಂತ ಬಹಳ ದೂರ ಹೋಗುವುದಿಲ್ಲ. ಐಡಿ. ಪೋಲೋ ಜಿಟಿಐಗೆ ನನ್ನ ಊಹೆ 37,000ದಿಂದ 39,000. ಪೆಜೋದ ಮೋಟರ್ ಮತ್ತು ಬ್ಯಾಟರಿ ಅದಕ್ಕೆಂದೇ ಮಾಡಿದವಲ್ಲ. ಅಬಾರ್ತ್ 600ಇ, ಆಲ್ಫಾ ರೋಮಿಯೋ ಜೂನಿಯರ್ ವೆಲೋಚೆ, ಲಾಂಚಾ ಇಪ್ಸಿಲಾನ್ ಎಚ್‌ಎಫ್, ಎಲ್ಲವೂ ಅದೇ ಬಳಗ. ಅಭಿವೃದ್ಧಿಯ ಖರ್ಚು ನಾಲ್ಕು ಹೆಸರುಗಳ ಮೇಲೆ ಹಂಚಿಹೋಗಿದೆ. ಆದ್ದರಿಂದ 40,000 ದಾಟಿದರೂ 43,000ದ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಜಿಟಿಐ ಅನ್ನುವ ಮೂರಕ್ಷರಕ್ಕೆ ಕೇಳುವ ದುಡ್ಡು.

ಸೀಮಿತ ಸಂಖ್ಯೆಯಲ್ಲಿ ಮಾಡುವ ಕಾರುಗಳನ್ನಂತೂ ಈ ಲೆಕ್ಕಕ್ಕೆ ತರಬೇಡ. ರೆನೋ 5 ಟರ್ಬೋ 3ಇ ಅಂತ ಒಂದು ಬರುತ್ತಿದೆ. 500ಕ್ಕೂ ಹೆಚ್ಚು ಅಶ್ವಶಕ್ತಿ, ಹಿಂದಿನ ಎರಡು ಚಕ್ರಗಳೊಳಗೇ ಮೋಟರ್, ಮಾಡುವುದು 1,980 ಕಾರು, ಬೆಲೆ 155,000 ಯೂರೋದಿಂದ. 1,980 ಯಾಕೆ ಗೊತ್ತಾ? ಹಳೆಯ ರೆನೋ 5 ಟರ್ಬೋ ಬಂದ ವರ್ಷ. ಎ290ರ ಮೊದಲ ವಿಶೇಷ ಆವೃತ್ತಿ 1,955, ಆಲ್ಪೀನ್ ಹುಟ್ಟಿದ ವರ್ಷ. ಚಂದದ ಕಾರುಗಳು, ಒಪ್ಪುತ್ತೇನೆ. ಆದರೆ ಅವುಗಳ ಬೆಲೆ ನಿಂತಿರುವುದು ಸಂಗ್ರಹಕಾರರ ಆಸೆಯ ಮೇಲೆ.

ಪೆಟ್ರೋಲ್ ಕಾರುಗಳ ಕಡೆ ನನಗೆ ನಿಜವಾಗಿ ಬೇಸರ ಇದೆ. ಅವು ದುಬಾರಿ ಆಗುತ್ತಿರುವುದು ಕಬ್ಬಿಣದ ಬೆಲೆಗಲ್ಲ. ಯುರೋಪಿನಲ್ಲಿ ಒಂದು ಕಂಪನಿ ಮಾರುವ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್‌ಗೆ ಮಿತಿ ಇದೆ, ಈಗ ಅದು ಕಿಲೋಮೀಟರಿಗೆ 94 ಗ್ರಾಂ ಆಸುಪಾಸು. ಮೀರಿದ ಒಂದೊಂದು ಗ್ರಾಂಗೆ, ಮಾರಿದ ಒಂದೊಂದು ಕಾರಿಗೆ 95 ಯೂರೋ ದಂಡ. ಮಿತಿಯ ಅಂಚಿನಲ್ಲಿರುವ ಕಂಪನಿ 180 ಗ್ರಾಂ ಬಿಡುವ ಕಾರೊಂದನ್ನು ಮಾರಿದರೆ ಅದರ ತಲೆಯ ಮೇಲೆ ಸುಮಾರು 8,000 ಯೂರೋ ಹೊರೆ ಬೀಳುತ್ತದೆ. ಎಲೆಕ್ಟ್ರಿಕ್ ಮಾರಿದರೆ ಹೆಚ್ಚುಕಡಿಮೆ ಅಷ್ಟೇ ಹೊರೆ ಇಳಿಯುತ್ತದೆ. ಈ ಒಂದು ನಿಯಮ ಗೊತ್ತಿದ್ದರೆ ಸಾಕು, ಯಾವುದರ ಬೆಲೆ ಏರುತ್ತದೆ, ಯಾವುದಕ್ಕೆ ರಿಯಾಯಿತಿ ಬರುತ್ತದೆ ಅಂತ ಹೇಳಿಬಿಡಬಹುದು.

ಒಂದೊಂದಾಗಿ ಹೋಗುತ್ತಿವೆ ಕೂಡ. ಫೋರ್ಡ್ ಫಿಯೆಸ್ಟಾ 2023ರಲ್ಲಿ ನಿಂತಿತು. ಹ್ಯುಂಡೈ ಐ20 ಎನ್ ಯುರೋಪಿನಲ್ಲಿ 2024ಕ್ಕೆ ಮುಗಿಯಿತು. ಹೋಂಡಾ ಸಿವಿಕ್ ಟೈಪ್ ಆರ್ ಅಲ್ಲಿ 40 ಕಾರುಗಳ ಕೊನೆಯ ಆವೃತ್ತಿ ಮಾಡಿ ವಿದಾಯ ಹೇಳಿತು. ಉಳಿದವು ಅಗ್ಗವಾಗುವ ಸೂಚನೆಯೇ ಇಲ್ಲ. ಜಿಆರ್ ಯಾರಿಸ್‌ನ ಆರ್‌ಝೆಡ್ ಮಾದರಿ ಜಪಾನಿನಲ್ಲಿ 2020ರಲ್ಲಿ 39.6 ಲಕ್ಷ ಯೆನ್ ಇತ್ತು, 2024ರಲ್ಲಿ ಸುಧಾರಿಸಿ ತಂದಾಗ 44.8 ಲಕ್ಷ. ಜಪಾನಿನ ಆ ಮಾದರಿಯ ಶಕ್ತಿ 272ರಿಂದ 304ಕ್ಕೆ ಏರಿತು, ನಿಜ. ಹಾಗಾಗಿ ಆ ಏರಿಕೆ ನನಗೆ ಅನ್ಯಾಯ ಅನ್ನಿಸಲಿಲ್ಲ. ಈಗ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ನೋಡು. 140 ಅಶ್ವಶಕ್ತಿ, ಜಪಾನಿನ ಮಾದರಿಗೆ ತೂಕ ಬರೀ 970 ಕೆ.ಜಿ. ಇಂದಿನ ನಿಯಮಗಳ ನಡುವೆ ಅಷ್ಟು ಹಗುರವಾದ ಸ್ಪೋರ್ಟಿ ಕಾರು ಸಿಗುವುದು ಅಪರೂಪ. ಅಂಥ ಕಾರು ಸುಸ್ಥಿತಿಯಲ್ಲಿ ಸಿಕ್ಕರೆ ಹಳೆಯದಾದರೂ ಪರವಾಗಿಲ್ಲ, ಒಮ್ಮೆ ಓಡಿಸಿ ನೋಡು.

ಎಲೆಕ್ಟ್ರಿಕ್‌ನಲ್ಲಿ ನಾನು ಇನ್ನೂ ಉತ್ತರಕ್ಕೆ ಕಾಯುತ್ತಿರುವ ಪ್ರಶ್ನೆ ಒಂದಿದೆ. ಪೆಜೋದ 5.7 ಸೆಕೆಂಡ್ ಅನ್ನುವುದು ಒಂದು ಸಲದ ಓಟ. ಹತ್ತು ತಿರುವು ದಾಟಿ, ಮತ್ತೆ ಮತ್ತೆ ಪೂರ್ತಿ ಒತ್ತಿದ ಮೇಲೆ ಬ್ಯಾಟರಿ ಬಿಸಿಯಾಗಿ ಶಕ್ತಿ ಇಳಿಯುತ್ತದಾ? ಪೆಜೋ ಒಂದು ಚಾರ್ಜಿಗೆ 350 ಕಿ.ಮೀ. ಅಂತ ಹೇಳುತ್ತದೆ. ಜೋರಾಗಿ ಓಡಿಸಿದರೆ ಅದು ಬೇಗ ಕರಗುತ್ತದೆ. 1,600 ಕೆ.ಜಿ. ಹೊತ್ತು ಬ್ರೇಕ್ ಎಷ್ಟು ಹೊತ್ತು ತಾಳುತ್ತದೆ? ಇದಕ್ಕೆಲ್ಲ ಲೆಕ್ಕ ಸಾಲದು. ಹೊರಗಿನವರು ಟ್ರ್ಯಾಕಿನಲ್ಲಿ ಓಡಿಸಿ ಬರೆದದ್ದನ್ನು ಓದಬೇಕು. ಅದು ಬರುವ ಮುಂಚೆ ಬುಕಿಂಗ್ ದುಡ್ಡು ಕಟ್ಟಬೇಡ, ದಯವಿಟ್ಟು. ಮೊದಲ ಆವೃತ್ತಿ ಅಂತ ಬಣ್ಣ, ಸ್ಟಿಕ್ಕರ್ ಸೇರಿಸಿ ಮಾರುವುದನ್ನಂತೂ ಮುಟ್ಟಲೇಬೇಡ.

ನಿನಗೆ ನನ್ನ ಉತ್ತರ ಇದು. ಕೈಯಿಂದ ಗೇರ್ ಹಾಕುವ ಖುಷಿಯೇ ನಿನಗೆ ಮುಖ್ಯವಾದರೆ ಈಗಲೇ ಪೆಟ್ರೋಲ್ ತಗೋ, ಕಾದರೆ ಬೆಲೆ ಏರುತ್ತದೆ, ಆಯ್ಕೆ ಇಳಿಯುತ್ತದೆ. ಆ ಹಠ ಇಲ್ಲ, ದಿನಾ ಓಡಾಟಕ್ಕೂ ಅದೇ ಕಾರು ಬೇಕು ಅಂದರೆ ಕಾಯಿ. ಎರಡು ಜಿಟಿಐಗಳನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ ನೋಡು. ಪೆಜೋ 43,000 ಒಳಗೆ ಬಂದರೆ ನಾನಾಗಿದ್ದರೆ ಅದನ್ನೇ ತಗೊಳ್ಳುತ್ತೇನೆ. ಮೇಲೆ ಹೋದರೆ ಐಡಿ. ಪೋಲೋ.

ಐಡಿ. ಪೋಲೋ ಜಿಟಿಐ ತೂಕ ಪ್ರಕಟವಾದ ಕೂಡಲೇ ಆ 0.386ರ ಲೆಕ್ಕ ಮಾಡು, ಕಂಪನಿಯ ಸೆಕೆಂಡ್ ನೋಡುವ ಮೊದಲೇ ನಿನ್ನ ಉತ್ತರ ನನಗೆ ಬರೆದು ಕಳಿಸು. ನನ್ನದು 6.6.

ನಿನ್ನ ಗೆಳೆಯ